ತಗಡಿನ ಆಚೆ ಸೆಲ್ಮರ್, ಈಚೆ ಆರ್ಡಿಸ್

ಎಲ್ಸ್‌ಬರ್ಗ್ ಊರಿನ ವಿಮಾನ ಮೈದಾನದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಆರ್ಡಿಸ್ ಕ್ವಾಲೆಗೆ ಗೊತ್ತಿರುವುದು ಅರ್ಧ ವಿಮಾನ ಮಾತ್ರ. ಉಳಿದರ್ಧ ಅವಳ ಗಂಡ ಸೆಲ್ಮರ್‌ಗೆ ಗೊತ್ತು. ತಮಾಷೆಗೆ ಹೇಳುತ್ತಿಲ್ಲ. ಸಣ್ಣ ವಿಮಾನದಲ್ಲಿ ಎಂಜಿನ್ನಿಗೂ ಜನ ಕೂರುವ ಜಾಗಕ್ಕೂ ನಡುವೆ ಒಂದು ಉಕ್ಕಿನ ತಗಡು ಇರುತ್ತದೆ, ಬೆಂಕಿ ಹತ್ತಿದರೆ ಒಳಗೆ ನುಗ್ಗದಿರಲಿ ಅಂತ. ಆ ತಗಡಿನ ಮುಂದಿರುವುದೆಲ್ಲ, ಅಂದರೆ ಎಂಜಿನ್, ಎಣ್ಣೆ, ಮಸಿ, ವಾಸನೆ, ಸೆಲ್ಮರ್‌ನದು. ಹಿಂದಿರುವುದೆಲ್ಲ, ಅಂದರೆ ರೇಡಿಯೊ, ಪರದೆ, ಫ್ಯೂಸು, ತಂತಿ, ಆರ್ಡಿಸ್‌ಳದು. ಆಚೆಯವರು ಈಚೆ ಕೈ ಹಾಕುವ ಹಾಗಿಲ್ಲ, ಈಚೆಯವರು ಆಚೆ ಇಣುಕುವ ಹಾಗಿಲ್ಲ. ಈ ಒಪ್ಪಂದದ ಮೇಲೆ ಆ ಸಂಸಾರ ನಡೆದುಕೊಂಡು ಬಂದಿದೆ, ಚೆನ್ನಾಗಿಯೇ ನಡೆದುಕೊಂಡು ಬಂದಿದೆ.

ಗಡಿ ಬಿದ್ದದ್ದು ಮದುವೆಯಾದ ವರ್ಷವೇ. ಆರ್ಡಿಸ್ ತಂತಿಗಳನ್ನು ಮೇಣ ಸವರಿದ ದಾರದಲ್ಲಿ ಕಟ್ಟುವವಳು, ಹೂವಾಡಗಿತ್ತಿ ಮಲ್ಲಿಗೆ ಕಟ್ಟುವಷ್ಟು ಒಪ್ಪವಾಗಿ, ಗಂಟಿಗೊಂದು ಗಂಟು ಸಮ. ಹಾಗೆ ಕೂತು ಕೂತು ಕಟ್ಟಿದ್ದ ಒಂದು ಕಂತೆಯನ್ನು ಸೆಲ್ಮರ್ ಎಂಜಿನ್ ಇಳಿಸುವ ಅವಸರದಲ್ಲಿ ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿ ಎಸೆದ. ಅವಳು ಕೂಗಾಡಲಿಲ್ಲ. ಆವತ್ತು ಊಟಕ್ಕೆ ತಣ್ಣನೆಯ ಆಲೂಗಡ್ಡೆ ಇಟ್ಟಳು, ಮಾರನೆಯ ದಿನವೂ ಅದನ್ನೇ ಇಟ್ಟಳು. ಮೂರನೆಯ ದಿನ ಸೆಲ್ಮರ್ ತಾನಾಗಿಯೇ ಸೀಮೆಸುಣ್ಣ ತಂದು ತಗಡಿನ ಮೇಲೆ ಗೆರೆ ಎಳೆದು, ಇನ್ನು ಮೇಲೆ ಇದರಿಂದಾಚೆ ನನ್ನ ಕೈ ಬರೋದಿಲ್ಲ ಅಂದ. ಊಟ ಬಿಸಿಯಾಯಿತು.

ಅವಳ ಹುಟ್ಟೂರು ಅಲ್ಲೇ ಉತ್ತರಕ್ಕೆ, ಸೂರ್ಯಕಾಂತಿ ಹೊಲಗಳ ನಡುವಿನ ಒಂಟಿ ಮನೆ. ಹುಡುಗಿಯಾಗಿದ್ದಾಗಲೇ ಅಪ್ಪನ ಟ್ರ್ಯಾಕ್ಟರಿನ ರೇಡಿಯೊ ಬಿಚ್ಚಿ ಜೋಡಿಸಿದ್ದಳು. ಜೋಡಿಸಿದ ಮೇಲೆ ಒಂದು ಹಿಡಿ ಸ್ಕ್ರೂ ಉಳಿದವು, ರೇಡಿಯೊ ಮಾತ್ರ ಮೊದಲಿಗಿಂತ ಜೋರಾಗಿ ಹಾಡಿತು. ಆಮೇಲೆ ವಾಯುಪಡೆ ಸೇರಿ ವಿದ್ಯೆ ಕಲಿತು ಬಂದಳು. ಅಲ್ಲಿ ಅವಳು ಕಲಿತ ವಿದ್ಯೆಗಳಲ್ಲೆಲ್ಲ ದೊಡ್ಡದು ಒಂದೇ ಒಂದು: ಅದಲುಬದಲು. ಎರಡು ದೀಪದಲ್ಲಿ ಒಂದು ಉರಿಯುತ್ತಿಲ್ಲವೇ? ಬೈಯಬೇಡ, ಹೊಸದು ತರಬೇಡ. ಬುರುಡೆಗಳನ್ನು ಅದಲುಬದಲು ಮಾಡು. ಕತ್ತಲು ಬುರುಡೆಯ ಹಿಂದೆಯೇ ಹೋದರೆ ಬುರುಡೆ ಕೆಟ್ಟಿದೆ. ಕತ್ತಲು ಅಲ್ಲೇ ನಿಂತರೆ ತಂತಿ ಕೆಟ್ಟಿದೆ. ‘ಮೊದಲು ಅದಲುಬದಲು, ಆಮೇಲೆ ಅಳು’ ಎನ್ನುವುದು ಅವಳ ಗಾದೆ, ಅವಳೇ ಕಟ್ಟಿದ್ದು. ಸೆಲ್ಮರ್ ತನ್ನ ಬಲಗಿವಿಯ ಶ್ರವಣಯಂತ್ರ ಕೆಟ್ಟಿದೆ, ನೀನು ಕರೆದದ್ದು ಕೇಳಲೇ ಇಲ್ಲ ಎಂದು ದೂರಿದಾಗಲೂ ಎರಡು ಕಿವಿಯ ಯಂತ್ರಗಳನ್ನು ಅದಲುಬದಲು ಮಾಡಿಯೇ ನೋಡಿದಳು. ಎರಡೂ ಯಂತ್ರ ಸರಿಯಿದ್ದವು, ಎರಡೂ ಕಿವಿ ಸರಿಯಿದ್ದವು. ದೋಷ ಮನುಷ್ಯನಲ್ಲಿದೆ ಎಂದು ತೀರ್ಪು ಕೊಟ್ಟಳು.

ಇಂಥ ಗಟ್ಟಿ ಗಡಿಯನ್ನು ಕೆಡಿಸಿದ್ದು ಎಂಜಿನ್ ಮಾನಿಟರ್ ಎನ್ನುವ ಪುಟ್ಟ ಪೆಟ್ಟಿಗೆ. ಅದರ ಪರದೆ ಪೈಲಟ್‌ನ ಮುಂದೆ ಕೂರುತ್ತದೆ, ಆರು ಸಿಲಿಂಡರಿಗೆ ಆರು ಬಣ್ಣದ ಕಂಬ ತೋರಿಸುತ್ತದೆ. ಯಾವ ಸಿಲಿಂಡರ್ ಕಾದರೆ ಆ ಕಂಬ ಏರುತ್ತದೆ, ಮಿತಿ ಮೀರಿದರೆ ಕೆಂಪಾಗಿ ಕಿರುಚಿಕೊಳ್ಳುತ್ತದೆ. ಪರದೆಯೇನೋ ತಗಡಿನ ಈಚೆ ಇದೆ. ಆದರೆ ಬಿಸಿ ಅಳೆಯುವ ಬೆರಳುದ್ದದ ಸೆನ್ಸರ್‌ಗಳು ಕೂರುವುದು ಆಚೆ, ಸೆಲ್ಮರ್‌ನ ಸಿಲಿಂಡರುಗಳ ಮೈಯೊಳಗೆ. ಅವುಗಳ ತಂತಿ ತಗಡಿನ ತೂತಿನಲ್ಲಿ ನುಸುಳಿ ಬರುತ್ತದೆ. ಹಾಗಾದರೆ ಇದು ಯಾರದು? ವರ್ಷಗಳಿಂದ ಇದೇ ಜಗಳ. ಸೆಲ್ಮರ್ ಅದನ್ನು ‘ನಿನ್ನ ಕ್ರಿಸ್‌ಮಸ್ ಮರ’ ಎನ್ನುತ್ತಿದ್ದ. ಎಂಜಿನ್ನಿನ ಆರೋಗ್ಯ ತಿಳಿಯಲು ತನ್ನ ಮೂಗು ಸಾಕು, ದೀಪ ಹಚ್ಚಬೇಕಿಲ್ಲ ಎನ್ನುತ್ತಿದ್ದ. ಆ ಮೂಗಿಗೆ ಒಲೆಯ ಮೇಲೆ ಸೀದ ಹಾಲು ಯಾಕೆ ತಿಳಿಯಲಿಲ್ಲ ಎಂದು ಅವಳು ಕೇಳುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆ.

ಆ ಬೇಸಿಗೆಯಲ್ಲಿ ಥೋರಾ ಬ್ರೆಕ್ಕೆಯ ವಿಮಾನದಲ್ಲಿ ಮೂರನೆಯ ಕಂಬ ಕೆಂಪಾಯಿತು.

ಥೋರಾಗೆ ಎಂಬತ್ತು ದಾಟಿದೆ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಸೆಲ್ಮರ್‌ನನ್ನು ಅವನ ಮೂಗು ಸೋರುತ್ತಿದ್ದ ಕಾಲದಿಂದ ಬಸ್ಸಿನಲ್ಲಿ ಶಾಲೆಗೆ ಬಿಟ್ಟವಳು. ಐವತ್ತರಲ್ಲಿ ವಿಮಾನ ಕಲಿತಳು, ಅಲ್ಲಿಂದ ಈಚೆಗೆ ವಾರಕ್ಕೊಮ್ಮೆ ತನ್ನ ನಾಲ್ಕು ಸೀಟಿನ ವಿಮಾನದಲ್ಲಿ ನದಿಯಾಚೆಯ ತಂಗಿಯ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಾಳೆ. ಮಂಡಿ ನೋವಿನಿಂದ ಅಷ್ಟು ದೂರ ಕಾರು ಓಡಿಸಲಾರಳು, ಹಾರಬಲ್ಲಳು. ವೈದ್ಯರು ಪರೀಕ್ಷೆ ಮಾಡಿ ಪ್ರತಿಸಲವೂ ಸೈ ಅಂದಿದ್ದಾರೆ. ಮೈದಾನದಲ್ಲಿ ಅವಳಿಗೊಂದು ಮರ್ಯಾದೆಯೂ ಇದೆ. ಬೇಸಿಗೆಯ ಕೊನೆಗೆ ಅಲ್ಲಿ ಪ್ಯಾನ್‌ಕೇಕ್ ಉಪಾಹಾರ ಇಡುತ್ತಾರೆ, ಸುತ್ತಲ ಊರುಗಳಿಂದೆಲ್ಲ ಜನ ವಿಮಾನದಲ್ಲೇ ತಿಂಡಿಗೆ ಬರುತ್ತಾರೆ. ಅತಿ ಹಿರಿಯ ಪೈಲಟ್ ಮೊದಲು ಇಳಿಯುವ ತನಕ ಅಲ್ಲಿ ಹಂಚಿನ ಕೆಳಗೆ ಬೆಂಕಿ ಹಚ್ಚುವುದಿಲ್ಲ. ಎಷ್ಟೋ ವರ್ಷಗಳಿಂದ ಹಾಗೆ ಇಳಿಯುತ್ತಿರುವವಳು ಥೋರಾ. ಹಿಂದಿನ ರಾತ್ರಿ ತಂಗಿಯ ಮನೆಯಲ್ಲಿ ಉಳಿದು, ಬೆಳಗ್ಗೆ ಅಲ್ಲಿಂದ ಹಾರಿ ಬರುತ್ತಾಳೆ.

ಅವಳ ಮಗಳಿಗೆ ಈ ಹಾರಾಟವೆಂದರೆ ಎದೆ ಡವಡವ. ಬಹಳ ಜಗ್ಗಾಡಿದ ಮೇಲೆ ತಾಯಿ ಮಗಳಿಗೆ ಒಂದು ಮಾತು ಕೊಟ್ಟಿದ್ದಳು: ಎಂಜಿನ್ ಎಂದು ಕೈಕೊಡುತ್ತದೋ ಅಂದೇ ವಿಮಾನ ಮಾರಿಬಿಡುತ್ತೇನೆ, ಈ ವಯಸ್ಸಿನಲ್ಲಿ ಹೊಸ ಎಂಜಿನ್ ಕಟ್ಟಿಸುವುದಿಲ್ಲ. ಥೋರಾ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆದ್ದರಿಂದ ತಂಗಿಯ ಮನೆಯ ದಾರಿಯಲ್ಲಿ ಕಂಬ ಕೆಂಪಾಗಿ ಅವಳು ಹಿಂದಿರುಗಿ ಬಂದ ದಿನ, ಗಂಡ ಹೆಂಡತಿಯ ಮುಂದೆ ಬಿದ್ದ ಪ್ರಶ್ನೆ ಸಣ್ಣದಾಗಿರಲಿಲ್ಲ. ಸಿಲಿಂಡರ್ ನಿಜವಾಗಿ ಕಾಯುತ್ತಿದ್ದರೆ ಎಂಜಿನ್ ಕೈಕೊಟ್ಟ ಹಾಗೆಯೇ, ಥೋರಾಳ ಹಾರಾಟ ಮುಗಿಯಿತು. ಸೆನ್ಸರ್ ಸುಳ್ಳು ಹೇಳುತ್ತಿದ್ದರೆ ಹೊಸ ಸೆನ್ಸರ್ ಹಾಕಿದರೆ ಆಯಿತು. ತಪ್ಪು ಹೇಳಿದರೋ, ಸೂರ್ಯಕಾಂತಿ ಹೊಲದ ಮೇಲೆ ಹಾರುತ್ತಿರುವಾಗ ಸಿಲಿಂಡರ್ ಬಿರುಕು ಬಿಡುತ್ತದೆ.

ಇಬ್ಬರೂ ವಾಡಿಕೆಯಂತೆ ತಮ್ಮ ತಮ್ಮ ಕಡೆಗೆ ನಿಂತರು. ನನ್ನ ಎಂಜಿನ್ ಗುಂಡುಕಲ್ಲಿನ ಹಾಗಿದೆ, ನಿನ್ನ ಪೆಟ್ಟಿಗೆ ಬೊಗಳುತ್ತಿದೆ ಎಂದ ಸೆಲ್ಮರ್. ನನ್ನ ಪೆಟ್ಟಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ, ನಿನ್ನ ಹಾಗಲ್ಲ ಎಂದಳು ಆರ್ಡಿಸ್. ಸೆಲ್ಮರ್ ಸಿಲಿಂಡರಿನ ಒಳಗೆ ಕ್ಯಾಮೆರಾ ಇಳಿಸಿ ನೋಡಿದ, ಏನೂ ಕಾಣಲಿಲ್ಲ. ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ ಎಂದು ಅವಳು ಸೇರಿಸಿದಳು. ಬಾಯಲ್ಲಿ ಹಾಗೆಂದಳೇ ಹೊರತು ಅವಳ ಹೊಟ್ಟೆಯೊಳಗೆ ಬೇರೆಯದೇ ನಡೆದಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವಳಿಗೆ ತನ್ನ ಪೆಟ್ಟಿಗೆ ಸುಳ್ಳು ಹೇಳುತ್ತಿರಲಿ, ಗಂಡ ಗೆಲ್ಲಲಿ ಎನಿಸುತ್ತಿತ್ತು. ಹಾಗೆ ಅನಿಸುತ್ತಿದೆ ಎನ್ನುವುದೇ ಅವಳಿಗೆ ಭಯ. ಆಸೆಪಟ್ಟವಳ ಕಣ್ಣು ಆಸೆಪಟ್ಟದ್ದನ್ನೇ ಕಾಣುತ್ತದೆ.

ತೀರ್ಮಾನಕ್ಕೆ ಇದ್ದದ್ದು ಒಂದೇ ದಾರಿ. ಮೂರನೆಯ ಸಿಲಿಂಡರಿನ ಸೆನ್ಸರ್ ಕಿತ್ತು ನಾಲ್ಕನೆಯದಕ್ಕೆ ಹಾಕುವುದು, ನಾಲ್ಕನೆಯದರದ್ದು ಮೂರಕ್ಕೆ, ಪರದೆಗೆ ಹೋಗುವ ತಂತಿಗಳು ಮಾತ್ರ ಇದ್ದಲ್ಲೇ. ಎಂಜಿನ್ ಓಡಿಸಿದಾಗ ಕೆಂಪು ಮೂರರಲ್ಲೇ ನಿಂತರೆ ಸಿಲಿಂಡರಿನ ತಪ್ಪು. ನಾಲ್ಕಕ್ಕೆ ಹೋದರೆ ಸೆನ್ಸರಿನ ತಪ್ಪು. ಮಗುವಿಗೂ ತಿಳಿಯುವ ಲೆಕ್ಕ. ಆದರೆ ಗಡಿ ದಾಟದೆ ಅದು ಆಗುವ ಕೆಲಸವಲ್ಲ. ಗಂಡನ ಎದುರಿಗೇ ಮಾಡಿದರೆ, ಓಹೋ, ನಿನ್ನ ಪೆಟ್ಟಿಗೆಯ ಮೇಲೆ ನಿನಗೇ ನಂಬಿಕೆ ಇಲ್ಲ ಎಂದು ಅವನು ಕುಣಿಯುತ್ತಾನೆ. ಅದಕ್ಕೇ ಒಂದು ಬೆಳಗ್ಗೆ ಸೆಲ್ಮರ್ ಕ್ಷೌರಕ್ಕೆ ಹೋದಾಗ ಆರ್ಡಿಸ್ ವಿಮಾನದ ಮೂತಿಯ ಮುಚ್ಚಳ ತೆಗೆದು, ಎರಡು ಸೆನ್ಸರ್‌ಗಳನ್ನು ಅದಲುಬದಲು ಮಾಡಿ ಮುಗಿಸಿದಳು. ತಂತಿಯ ದಾರ ಬಿಚ್ಚುವಾಗ ಅವಳ ಮನಸ್ಸು ಒಂದು ಗಳಿಗೆ ಕುಗ್ಗಿತು. ಅಲ್ಲಿದ್ದ ಗಂಟು ವಕ್ರವಾಗಿತ್ತು, ಸಡಿಲವಾಗಿತ್ತು. ಈ ವಿಮಾನದ ತಂತಿ ಕಟ್ಟಿದವಳು ತಾನೇ. ನನ್ನ ಕೈಗೂ ವಯಸ್ಸಾಯಿತು ಎಂದುಕೊಂಡು, ಮೊದಲಿನ ಹಾಗೆ ಬಿಗಿಯಾಗಿ ಕಟ್ಟಿದಳು. ಯಾಕೋ ಕಾಫಿ ರುಚಿಸಲಿಲ್ಲ.

ಮಧ್ಯಾಹ್ನ ಇಬ್ಬರೂ ಸೇರಿ ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ತಳ್ಳಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಎಂಜಿನ್ ಹಚ್ಚಿ ಒಳಗೆ ಕೂತರು. ಸೆಲ್ಮರ್ ಎಂದೂ ಆ ಪರದೆಯ ಕಡೆ ಮುಖ ಹಾಕಿದವನಲ್ಲ, ಆವತ್ತು ನೆಟ್ಟ ನೋಟ ಕೀಳಲಿಲ್ಲ. ಅವಳು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಆರು ಕಂಬಗಳೂ ಮೆಲ್ಲಗೆ ಏರಿದವು. ಐದು ಒಂದು ಮಟ್ಟದಲ್ಲಿ ನಿಂತವು. ಒಂದು ಏರುತ್ತಲೇ ಹೋಯಿತು, ಹಳದಿಯಾಯಿತು, ಕೆಂಪಾಯಿತು. ಅದು ಮೂರನೆಯದೇ.

ಸೆನ್ಸರ್ ಬದಲಾಗಿದೆ, ಕೆಂಪು ಅಲ್ಲೇ ನಿಂತಿದೆ. ಇನ್ನು ಮಾತೇ ಇಲ್ಲ, ಸಿಲಿಂಡರೇ ಹೋಗಿದೆ. ಆರ್ಡಿಸ್‌ಳ ಪೆಟ್ಟಿಗೆ ಗೆದ್ದಿತು. ಇಷ್ಟು ಕಹಿಯಾದ ಗೆಲುವನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿ ಸೆಲ್ಮರ್ ಎಂಜಿನ್ ಆರಿಸಿ, ಇಳಿದು ಹೋಗಿ ಕೈ ತೊಳೆಯತೊಡಗಿದ. ಕೈಯಲ್ಲಿ ಮಸಿ ಇರಲಿಲ್ಲ, ಆದರೂ ಬಹಳ ಹೊತ್ತು ತೊಳೆದ.

ಮಾರನೆಯ ದಿನ ಥೋರಾ ರೂಬಾರ್ಬ್ ಎನ್ನುವ ಹುಳಿದಂಟಿನ ಕಡುಬು ಹಿಡಿದುಕೊಂಡು ಬಂದಳು. ಅಂಗಡಿಯ ಮೂಲೆಯ ಕಾಫಿ ಮೇಜಿನ ಸುತ್ತ ಮೂವರೂ ಕೂತರು. ಕಡುಬು ಹಂಚಿ, ಏನಾಯಿತು ಹೇಳಿ ಎಂದಳು.

ಸೆಲ್ಮರ್ ತಟ್ಟೆ ನೋಡುತ್ತ ಹೇಳಿದ. “ಸಿಲಿಂಡರೇ ಹೋಗಿದೆ, ಥೋರಾ. ಆರ್ಡಿಸ್ ಹೇಳಿದ್ದೇ ಸರಿ.”

“ಹೌದು,” ಎಂದಳು ಆರ್ಡಿಸ್. “ಅವನು ಹೇಳ್ತಿರೋದು ಸರಿ.”

ಥೋರಾ ಚಮಚ ಕೆಳಗಿಟ್ಟಳು. ಮುಖದಲ್ಲಿ ದುಃಖ ಕಾಣುತ್ತದೆಂದು ಇಬ್ಬರೂ ಕಾದರು. ಕಂಡದ್ದು ಅನುಮಾನ.

“ಸೆಲ್ಮರ್, ಏನಂದೆ? ಇನ್ನೊಂದ್ಸಲ ಹೇಳು.”

“ಆರ್ಡಿಸ್ ಹೇಳಿದ್ದು ಸರಿ ಅಂದೆ.”

“ನಿನ್ನ ಬಾಯಲ್ಲಿ ಈ ಮಾತು ನಾನು ಕೇಳೇ ಇಲ್ವಲ್ಲೋ. ಮದುವೇಲಿ ಪಾದ್ರಿ ಕೇಳಿದಾಗ್ಲೂ ಎರಡನೇ ಸಲ ಕೇಳಿದ್ಮೇಲೆ ಹೂಂ ಅಂದೋನು ನೀನು.” ಅವಳು ಆರ್ಡಿಸ್ ಕಡೆ ತಿರುಗಿದಳು. “ನೀನೂ ಅವನು ಸರಿ ಅಂತೀಯ. ನೀವಿಬ್ರೂ ಕಿತ್ತಾಡ್ತಾ ಇದ್ದರೆ ನಾನು ಧೈರ್ಯವಾಗಿ ಹಾರ್ತೀನಿ ಕಣ್ರೇ, ಎರಡೂ ಕಡೆ ನೋಡಿದ್ದಾರೆ ಅಂತ. ಎತ್ತೂ ಕೋಣಾನೂ ಒಂದೇ ಕಡೆ ಎಳೀತಿವೆ ಅಂದ್ರೆ ನೊಗ ಎಲ್ಲೋ ಮುರಿದಿದೆ. ಒಬ್ಬೊಬ್ಬರಾಗಿ ಬಾಯಿಬಿಡಿ. ಸಿಲಿಂಡರೇ ಅಂತ ಹೆಂಗೆ ಗೊತ್ತಾಯ್ತು?”

ಬಸ್ಸಿನಲ್ಲಿ ಹೊಡೆದಾಡಿದ ಮಕ್ಕಳನ್ನು ಬೇರೆ ಬೇರೆ ಸೀಟಿನಲ್ಲಿ ಕೂರಿಸಿ ವಿಚಾರಿಸುತ್ತಿದ್ದ ದನಿ ಅದು. ಎಪ್ಪತ್ತರ ಹತ್ತಿರ ಬಂದ ಸೆಲ್ಮರ್‌ನ ಕಿವಿ ಕೆಂಪಾಯಿತು. ಪರದೆ ನೋಡಿ ಗೊತ್ತಾಯಿತು ಎಂದು ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಥೋರಾ ಕಣ್ಣು ಕೀಳಲಿಲ್ಲ. ಅವನು ಹೆಂಡತಿಯ ಕಡೆ ನೋಡದೆ ಕಿಟಕಿಗೆ ಹೇಳಿದ.

“ಮೂರರ ಸೆನ್ಸರ್ ನಾಲ್ಕಕ್ಕೆ ಹಾಕಿ, ನಾಲ್ಕರದ್ದು ಮೂರಕ್ಕೆ ಹಾಕ್ದೆ. ಆದ್ರೂ ಕೆಂಪು ಮೂರರಲ್ಲೇ ಇತ್ತು.”

ಆರ್ಡಿಸ್ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. “ಯಾವಾಗ ಹಾಕ್ದೆ?”

“ನೀನು ಚರ್ಚಲ್ಲಿ ಲೆಫ್ಸಾ ರೊಟ್ಟಿ ಲಟ್ಟಿಸೋಕೆ ಹೋಗಿದ್ಯಲ್ಲ, ಆವತ್ತು ಸಂಜೆ.”

“ಮಾರನೇ ಬೆಳಿಗ್ಗೆ ನಾನೂ ಹಾಕ್ದೆ,” ಎಂದಳು ಆರ್ಡಿಸ್.

ಇಬ್ಬರು ಕಳ್ಳರು ಒಂದೇ ಮನೆಗೆ ಕನ್ನ ಹಾಕಿ, ಮೊದಲನೆಯವನು ಹೊತ್ತೊಯ್ದದ್ದನ್ನು ಎರಡನೆಯವನು ತಂದು ಅದೇ ಜಾಗದಲ್ಲಿ ಇಟ್ಟು ಹೋದ ಹಾಗಾಗಿತ್ತು. ಸೆಲ್ಮರ್ ಅದಲು ಮಾಡಿದ್ದನ್ನು ಆರ್ಡಿಸ್ ಬದಲು ಮಾಡಿ, ಕೆಟ್ಟದ್ದನ್ನು ಹಳೆಯ ತೂತಿಗೇ ತಂದು ಕೂರಿಸಿದ್ದಳು. ಎಂಜಿನ್ ಓಡಿದಾಗ ಏನೂ ಬದಲಾಗಿರಲೇ ಇಲ್ಲ. ಆದರೂ ಇಬ್ಬರೂ ಬೇರೆ ಬೇರೆಯಾಗಿ ತೀರ್ಪು ಕೊಟ್ಟುಕೊಂಡು, ಬೇರೆ ಬೇರೆಯಾಗಿ ಎದೆ ಒಡೆದುಕೊಂಡಿದ್ದರು. ಥೋರಾ ಮೊದಲು ನಗದಿರಲು ಪ್ರಯತ್ನಪಟ್ಟಳು. ಆಮೇಲೆ ಪ್ರಯತ್ನ ಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ ಮೇಜು ಬಡಿದು ನಕ್ಕಳು.

ಆರ್ಡಿಸ್‌ಗೆ ಮಾತ್ರ ಇನ್ನೊಂದು ನೆನಪಾಯಿತು. “ಆ ಸೊಟ್ಟ ಗಂಟು ಕಟ್ಟಿದ್ದು ನೀನಾ?”

“ನಿನ್ನ ಥರಾನೇ ಕಟ್ಟೋಣ ಅಂತ. ಇಲ್ದಿದ್ರೆ ನಿನಗೆ ಗೊತ್ತಾಗ್ತಿತ್ತಲ್ಲ. ಮೊದಲು ಶೂ ದಾರದಲ್ಲಿ ಅಭ್ಯಾಸ ಮಾಡ್ದೆ.”

“ನನ್ನ ಕೈಗೆ ವಯಸ್ಸಾಯ್ತು ಅಂತ ಕೊರಗಿದ್ದೀನಿ ನಾನು. ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು?”

“ನನ್ನ ಎಂಜಿನ್ ಮೇಲೆ ನನಗೇ ಅನುಮಾನ ಬಂದಿತ್ತು. ನಿನ್ನ ಮುಂದೆ ಅದನ್ನ ಹೇಗೆ ಹೇಳೋದು?”

ಅದೇ ಮಾತು, ಪದಕ್ಕೆ ಪದ, ತನ್ನ ಪೆಟ್ಟಿಗೆಯ ಬಗ್ಗೆ ಆರ್ಡಿಸ್‌ಳ ನಾಲಿಗೆಯ ತುದಿಯಲ್ಲೂ ಇತ್ತು. ಪಾಪದವನು ಎನಿಸಿತು ಅವಳಿಗೆ, ಇಷ್ಟು ವರ್ಷ ಜೊತೆಗಿದ್ದ ಈ ಮನುಷ್ಯ. ತಾನೂ ಪಾಪದವಳೇ.

ಕಡುಬು ಅರ್ಧಕ್ಕೇ ಬಿಟ್ಟು ಮೂವರೂ ಹ್ಯಾಂಗರಿಗೆ ನಡೆದರು. ಈ ಸಲ ಕಳ್ಳತನವಿಲ್ಲ. ಸೆಲ್ಮರ್ ಸೆನ್ಸರ್ ಬಿಚ್ಚಿ ಕೊಟ್ಟ, ಆರ್ಡಿಸ್ ತಂತಿ ಹಿಡಿದಳು. ಎರಡು ಸೆನ್ಸರ್‌ಗಳು ಯಾವುದು ಯಾವ ತೂತಿಗೆ ಹೋಯಿತೆಂದು ಥೋರಾ ಬಸ್ಸು ಹತ್ತುವ ಮಕ್ಕಳನ್ನು ಎಣಿಸುವವಳಂತೆ ಬೆರಳು ಮಾಡಿ ಗಟ್ಟಿಯಾಗಿ ಹೇಳುತ್ತ ನಿಂತಳು. ಎಂಜಿನ್ ಹಚ್ಚಿದರು. ಪೈಲಟ್ ಸೀಟಿನಲ್ಲಿ ಥೋರಾ, ಪಕ್ಕದಲ್ಲಿ ಆರ್ಡಿಸ್, ಹಿಂದಿನ ಸೀಟಿನಿಂದ ಇಬ್ಬರ ಭುಜಗಳ ನಡುವೆ ತಲೆ ತೂರಿಸಿ ಸೆಲ್ಮರ್. ಕಂಬಗಳು ಏರಿದವು. ಮೂರನೆಯದು ಏರಿತು, ಏರಿತು, ಉಳಿದವುಗಳ ಮಟ್ಟಕ್ಕೆ ಬಂದು ಸುಮ್ಮನೆ ನಿಂತಿತು. ಆಗ ನಾಲ್ಕನೆಯದು ಮೆಲ್ಲಗೆ ತಲೆಯೆತ್ತಿ, ಹಳದಿಯಾಗಿ, ಕೆಂಪಾಗಿ, ಕಿರುಚಿಕೊಂಡಿತು.

ಇಷ್ಟು ಇಂಪಾದ ಕಿರುಚಾಟವನ್ನು ಅವರು ಕೇಳಿರಲಿಲ್ಲ. ಸೆನ್ಸರ್ ಕೆಟ್ಟಿತ್ತು. ಎಂಜಿನ್ ಗುಂಡುಕಲ್ಲಿನ ಹಾಗಿತ್ತು. ಸೆಲ್ಮರ್ ಮೊದಲ ದಿನದಿಂದ ಬಡಬಡಿಸಿದ್ದೇ ನಿಜವಾಗಿತ್ತು, ಆರ್ಡಿಸ್ ಪೂರಾ ಸೋತಿದ್ದಳು. ಸೋತು ಅಷ್ಟು ಖುಷಿಪಟ್ಟವರನ್ನು ಎಲ್ಸ್‌ಬರ್ಗ್ ಕಂಡಿಲ್ಲ. ಥೋರಾ ಎಂಜಿನ್ ಆರಿಸಿ, ಎರಡು ಕೈಯಿಂದಲೂ ಸ್ಟೀರಿಂಗ್ ಹಿಡಿದುಕೊಂಡಳು. ಮೂಗು ಒರೆಸಿಕೊಂಡ ಮೇಲೆ, ಅರ್ಧಕ್ಕೆ ಬಿಟ್ಟ ಕಡುಬು ಒಣಗುತ್ತೆ ಏಳಿ ಎಂದಳು.

ಹೊಸ ಸೆನ್ಸರ್ ಬಂತು. ಪರೀಕ್ಷೆಯ ಹಾರಾಟಕ್ಕೆ ತಾನೂ ಬರುತ್ತೇನೆಂದು ಸೆಲ್ಮರ್ ಹಟ ಹಿಡಿದ. ಅವನಿಗೆ ಹಾರಿದರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಎಂದೂ ಹಾರುವವನಲ್ಲ. ಆವತ್ತು ಮೇಲೆ ಹೋಗಿ ಕೆಳಗೆ ಬರುವ ತನಕ ಹೊರಗೆ ನೋಡಲೇ ಇಲ್ಲ, ಕ್ರಿಸ್‌ಮಸ್ ಮರದ ಮೇಲಿಂದ ಕಣ್ಣು ತೆಗೆಯಲಿಲ್ಲ ಎಂದು ಥೋರಾ ಆಮೇಲೆ ಚಾಡಿ ಹೇಳಿದಳು. ಇಳಿದವನು ಹಸಿರಾದ ಮುಖದಲ್ಲೇ ಮೂತಿಯ ಮುಚ್ಚಳ ತೆಗೆದು ನೋಡಿ, ತಂತಿಗಳನ್ನು ಕೊನೆಯ ಸಲ ಕಟ್ಟಿ ಮತ್ತೆ ಮುಚ್ಚಳ ಹಾಕಲು ಹೋದ. ಆರ್ಡಿಸ್ ಹಿಂದಿನಿಂದ ಬಂದು ನೋಡಿದಳು. ಗಂಟು ಮತ್ತೆ ಸೊಟ್ಟ. ಭದ್ರವಾಗಿಯೇನೋ ಇತ್ತು, ಎಳೆದು ನೋಡಿದಳು. ಬಿಚ್ಚಿ ಒಪ್ಪವಾಗಿ ಕಟ್ಟೋಣವೆಂದು ಅವಳ ಬೆರಳುಗಳು ತುರಿಸಿದವು. ಇರಲಿ ಎಂದು ಬಿಟ್ಟಳು.

ಉಪಾಹಾರದ ದಿನ ಬೆಳಗ್ಗೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಟ್ಟು ಕಲಸಿಯಾಗಿತ್ತು, ಜನ ತಟ್ಟೆ ಹಿಡಿದು ಆಕಾಶ ನೋಡುತ್ತ ನಿಂತಿದ್ದರು. ಥೋರಾಳ ಮಗಳೂ ಮಕ್ಕಳ ಸಮೇತ ಬಂದು ಬೇಲಿಯ ಬಳಿ ನಿಂತಿದ್ದಳು. ಆ ಮುದುಕಿಯ ಎಂಜಿನ್ ಹೋಗಿದೆ ಅಂದಿದ್ದರು, ಹಾಗಾಗಿದ್ದರೆ ಈ ಸಲ ನಾನೇ ಮೊದಲು ಇಳಿಯಬಹುದಿತ್ತು ಎಂದು ಅವಳ ನಂತರದ ಹಿರಿಯ ಪೈಲಟ್, ಎಪ್ಪತ್ತೊಂಬತ್ತರ ಮೆರ್ಲಿನ್ ಡಾಲ್ ಗೊಣಗುತ್ತಿದ್ದ. ಹಂಚಿನ ಮುಂದೆ ಏಪ್ರನ್ ಕಟ್ಟಿ ನಿಂತವನು ಸೆಲ್ಮರ್, ಪ್ರತಿವರ್ಷದಂತೆ. ಆರ್ಡಿಸ್ ಎಲ್ಲರಿಗೂ ಕೇಳಲಿ ಎಂದು ರೇಡಿಯೊದ ಸ್ಪೀಕರನ್ನು ಕಿಟಕಿಯಲ್ಲಿಟ್ಟು, ಅದರ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ಹೊಸ ಸೆನ್ಸರ್ ತಾನೇ ಹಾಕಿದ್ದು, ಪರೀಕ್ಷೆ ಆಗಿದೆ, ಭಯವೇನಿಲ್ಲ ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಸ್ಪೀಕರ್ ಕರಕರ ಎಂದಿತು. ಪಶ್ಚಿಮದಿಂದ ಬರುತ್ತಿದ್ದೇನೆ, ಇಳಿಯುತ್ತೇನೆ ಎಂದು ಪೈಲಟ್‌ಗಳು ಹೇಳಬೇಕಾದ ಮಾತನ್ನು ಥೋರಾ ಕ್ರಮವಾಗಿ ಹೇಳಿದಳು. ಅಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸಲಿಲ್ಲ.

“ಸೆಲ್ಮರ್, ಆರ್ಡಿಸ್, ಕೇಳ್ತಿದೀರಾ? ಇಲ್ಲಿ ಆರೂ ತಣ್ಣಗಿವೆ. ನೀವು ಹಂಚು ಕಾಯ್ಸಿ.”

ಸೆಲ್ಮರ್ ಬಗ್ಗಿ ಬೆಂಕಿ ಹಚ್ಚಿದ.